ನೆರಳಿನ ಅಂಗಳದಲ್ಲಿ ಜೋಲುವ ನಿತ್ಯಹಸುರು ಮರ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯ ಗೃಹಸ್ಥರಲ್ಲಿ ಕೆಲವರು ಮನೆಯ ನೆರಳಿನಲ್ಲಿ ಕೊಂಬೆ ಜೋಲುವ ಸೂಚಿಪರ್ಣ ಮರವೊಂದನ್ನು ಬೆಳೆಸಲು ಅಪೇಕ್ಷಿಸುವರು. ಇವುಗಳಲ್ಲಿ ಕಾಶ್ಮೀರ ಸೈಪ್ರಸ್ಸು ಬಹು ಸುಂದರವಾದುದು. ಹೆಸರು ಕಾಶ್ಮೀರದ್ದಾದರೂ ಅದು ಪೂರ್ವ ಹಿಮಾಲಯದ ತೇವವುಳ್ಳ ಬೆಟ್ಟಗಳ ಮರ. ನಮ್ಮ ಬೇಸಗೆಯ ಒಣಗಾಳಿ ಅದಕ್ಕೆ ಸಹ್ಯವಲ್ಲ. ನೆರಳಿನಲ್ಲಿ ಒಳಗೊಂಬೆಗಳು ಒಣಗುವುವು, ಬರಿದಾದ ಕೊಂಬೆ ಪುನಃ ಚಿಗುರದು. ಗಾಳಿಮರವು ನೋಡಲು ಹಾಗೆಯೇ ಇದ್ದರೂ ಸೂಚಿಪರ್ಣ ವರ್ಗದ್ದಲ್ಲ. ಅದಕ್ಕೆ ಪೂರ್ಣ ಬಿಸಿಲು ಬೇಕು.

ಆದುದರಿಂದ ಪೂರ್ವ ಆಫ್ರಿಕದ ಪೋಡೋಕಾರ್ಪಸ್ ಗ್ರಾಸಿಲಿಯರ್ ಎಂಬುದನ್ನು ಆರಿಸುವುದು ಲೇಸು. ಅದರ ಎಲೆ ಸಣ್ಣ, ಕೊಂಬೆ ಮೃದು; ಅರೆನೆರಳನ್ನು ಸಹಿಸುವುದು. ಅದರ ಬಳಗದ ಒಂದು ಮರ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಸಹಜವಾಗಿ ಬೆಳೆಯುವುದು. ಬೀಜದ ಸಸಿಗಿಂತ ಕಡ್ಡಿಯಿಂದ ಮಾಡಿದ ಸಸಿ ಹೆಚ್ಚು ಜೋಲುವುದು; ಕೊಳ್ಳುವಾಗ ಇದನ್ನು ವಿಚಾರಿಸತಕ್ಕದ್ದು.

ಸ್ಥಳ: ಮನೆಯ ಪೂರ್ವ ಅಥವಾ ಉತ್ತರ ಪಕ್ಕ ಉತ್ತಮ. ಬೆಳಗಿನ ಬಿಸಿಲು ಮೂರು ತಾಸಾದರೂ ತಾಗಬೇಕು. ಹುಣಿಸೆ, ಬೇವುಗಳ ಬುಡದಲ್ಲಿ ನೆಡಬಾರದು. ದೊಡ್ಡ ಮರದ ಬೇರುಗಳು ನೀರನ್ನೆಲ್ಲ ಹೀರುವುವು.

ಮಣ್ಣು: ಎರೆಭೂಮಿಯ ಸುಣ್ಣವೇ ಇದರ ಮುಖ್ಯ ಶತ್ರು. ಹಿಡಿ ಒಣಮಣ್ಣಿನ ಮೇಲೆ ಲಿಂಬೆರಸ ಹಿಂಡಿರಿ. ನೊರೆಯೆದ್ದರೆ ಸುಣ್ಣವಿದೆಯೆಂದು ತಿಳಿಯಬೇಕು. ಅಂತಹ ಕಡೆ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಆ ಮಣ್ಣನ್ನು ತೆಗೆದುಹಾಕಿ, ಮಸಾರಿ ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು ತುಂಬಬೇಕು. ಹಸಿ ಸಗಣಿ ಗೆದ್ದಲನ್ನು ಕರೆಯುವುದು. ಎರೆಯಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ಬಾವಿಯಂತೆ ನೀರು ಹಿಡಿದು ಬೇರು ಕೊಳೆಯುವುದು. ಆದಕಾರಣ ಗುಂಡಿಯ ಮೇಲೆ ಒಂದಡಿ ದಿಬ್ಬ ಮಾಡಿ ಅದರ ಮೇಲೆ ಸಸಿಯಿಡಬೇಕು.

ಆರೈಕೆ: ಮೃಗಶಿರಾ ಮಳೆ ಬಿದ್ದ ಮೇಲೆ ನೆಡಿರಿ. ಮೊದಲ ಎರಡು ಬೇಸಗೆಗಳಲ್ಲಿ ಬೆರಳಾಳ ಮಣ್ಣು ಒಣಗಿದಾಗಲೆಲ್ಲ ನೀರುಣಿಸಿ, ಬುಡಕ್ಕೆ ಒಣ ಎಲೆ ಹೊದಿಸಿರಿ. ಎಲೆ ಕಾಂಡಕ್ಕೆ ತಾಗದಿರಲಿ. ನಡುಗೊಂಬೆಯನ್ನು ಬಿದಿರಿನ ಗೂಟಕ್ಕೆ ಸಡಿಲವಾಗಿ ಕಟ್ಟಿ ಆರಡಿ ಏರಿಸಿದ ಬಳಿಕ ತುದಿಯನ್ನು ಜೋಲಲು ಬಿಡಿರಿ.

ಎಳೆಯ ಎಲೆ ಮೊದಲು ಹಳದಿಯಾದರೆ ಅದು ಕಬ್ಬಿಣಾಂಶದ ಕೊರತೆ. ಸುಣ್ಣದ ಮಣ್ಣಿಗೆ ಹಾಕಿದ ಅನ್ನಭೇದಿ ಬೇಗನೆ ನಿಷ್ಪ್ರಯೋಜಕವಾಗುವುದು. ಆದುದರಿಂದ 1 ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ, ಸಂಜೆ ಎಲೆಗಳಿಗೇ ಸಿಂಪಡಿಸತಕ್ಕದ್ದು.