ಹೊತ್ತು ಎದುರಿಗಿದ್ದಾಗ ಗಾಡಿ ಹೊಡೆಯುವುದು

ತೊಗರಿ ರಾಶಿಯ ದಿನಗಳು. ಕಲಬುರಗಿ ಗಂಜ್‌ನಲ್ಲಿ ಮಾಲು ಇಳಿಸಿ, ರಾತ್ರಿ ಅಲ್ಲೇ ಉಳಿದು, ನಸುಕಿನಲ್ಲಿ ಚಿಮ್ಮನಚೋಡಕ್ಕೆ ಹೊರಟಿದ್ದೆ. ಊರು ಇನ್ನೇನು ಬಂತು ಅನ್ನುವಷ್ಟರಲ್ಲಿ ಹೊತ್ತು ನೇರ ಕಣ್ಣಿಗೇ ಹೊಡೆಯಿತು. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ನನಗೆ ಕಂಡಾಗ ಉಳಿದದ್ದು ಹತ್ತೇ ಮಾರು. ಬ್ರೇಕು ಒತ್ತಿದರೂ ತಾಗಿತು. ಗಾಲಿ ಮುರಿದು, ಒಂದು ಎತ್ತು ಮುಗ್ಗರಿಸಿ ಬಿತ್ತು.

“ಕಾಣಲಿಲ್ಲ ಕಾಕಾ” ಅಂದೆ.

“ಕಾಣದಿದ್ರ ನಿಲ್ಲಬೇಕಿತ್ತಲ್ಲೋ ತಮ್ಮಾ” ಅಂದರು.

ಆ ಹಂಗಾಮಿನಲ್ಲಿ ಆ ಎತ್ತು ಮತ್ತೆ ನೊಗ ಹೊರಲಿಲ್ಲ. ಖರ್ಚು ಕೊಟ್ಟೆ. ಆ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ.

ಯಾಕೆ ಕಾಣಲಿಲ್ಲ?

ಹೊತ್ತು ಎದುರಿಗಿದ್ದರೆ ಮುಂದಿನ ಗಾಡಿಯ ಬೆನ್ನು ನೆರಳಲ್ಲಿರುತ್ತದೆ. ಹೆಚ್ಚು ಬೆಳಕಿಗೆ ನಮ್ಮ ಕಣ್ಣಿನ ಪಾಪೆ ಕಿರಿದಾಗಿ, ನೆರಳಿನ ವಸ್ತು ಇನ್ನಷ್ಟು ಮಬ್ಬಾಗುತ್ತದೆ. ಗಾಜಿನ ಮೇಲಿನ ಧೂಳು, ಗೀರು ಬೆಳಕನ್ನು ಚೆದುರಿಸಿ ಬಿಳಿ ಪರದೆ ಕಟ್ಟುತ್ತವೆ. ಸೇಡಂ, ವಾಡಿ, ಶಹಾಬಾದ್ ಕಡೆಯ ಕಲ್ಲು, ಸಿಮೆಂಟಿನ ಧೂಳು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಟೆಗೆ 40 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಮೂರು ಸೆಕೆಂಡು ಕಣ್ಣು ಕತ್ತಲಾದರೆ 33 ಮೀಟರ್ ಕುರುಡಾಗಿ ಓಡಿದಂತೆ.

ನೆರಳು ನೋಡಿ

ನಮ್ಮ ಕಡೆ ಹೊತ್ತು ಮೂಡಿದ ಒಂದು ತಾಸಿಗೆ ನಮ್ಮ ನೆರಳು ನಮ್ಮ ಎತ್ತರದ ನಾಲ್ಕು ಪಟ್ಟು ಇರುತ್ತದೆ, ಎರಡು ತಾಸಿಗೆ ಸುಮಾರು ಎರಡು ಪಟ್ಟು. ಸಂಜೆ ಇದೇ ಲೆಕ್ಕ ತಿರುಗಾಮುರುಗಾ. ನೆರಳು ಮೂರು ಪಟ್ಟಿಗಿಂತ ಉದ್ದವಿರುವ ತನಕ ಎಚ್ಚರ ಬೇಕು. ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಸೂರ್ಯ ನೇರ ಪೂರ್ವಕ್ಕೆ ಮೂಡಿ ನೇರ ಪಶ್ಚಿಮಕ್ಕೆ ಮುಳುಗುತ್ತಾನೆ. ತೊಗರಿ ರಾಶಿಯ ಕಾಲಕ್ಕೆ ತುಸು ದಕ್ಷಿಣಕ್ಕೆ ವಾಲಿರುತ್ತಾನೆ.

ನೆರಳು ನಿಮ್ಮ ಮುಂದೆ ಬಿದ್ದಿದ್ದರೆ ನಿಮಗೆ ರಸ್ತೆ ಚಂದ ಕಾಣುತ್ತದೆ. ಮೋಸ ಇರುವುದು ಅಲ್ಲೇ. ಎದುರು ಬರುವವನಿಗೆ ನೀವು ಕಾಣುವುದಿಲ್ಲ! ಮುಂಜಾನೆ ಇಲ್ಲಿಂದ ಕಲಬುರಗಿಗೆ ಹೋಗುವ ನಮಗೆಲ್ಲ ಹೊತ್ತು ಬೆನ್ನಿಗಿರುತ್ತದೆ. ಹೆಡ್‌ಲೈಟ್ ಹಚ್ಚಿಕೊಳ್ಳಿ. 2017ರಿಂದ ಹೊಸ ಮೋಟಾರ್ ಸೈಕಲ್‌ಗಳ ದೀಪ ಹಗಲಲ್ಲೂ ಉರಿಯುವುದು ಎದುರಿನವರಿಗೆ ಕಾಣಲೆಂದೇ. ಹಳೇ ಗಾಡಿಯವರು ಕೈಯಿಂದ ಹಚ್ಚಬೇಕು, ಅಷ್ಟೇ.

ಮಾಡಬೇಕಾದದ್ದು

* ಹೊರಡುವ ಮುನ್ನ ಗಾಜನ್ನು ಹೊರಗೂ ಒಳಗೂ ನೀರು ಹಾಕಿ ಒರೆಸಿ. ಒಣ ಧೂಳಿನ ಮೇಲೆ ವೈಪರ್ ಆಡಿಸಿದರೆ ಗೀರು ಬೀಳುತ್ತದೆ. ಹೆಲ್ಮೆಟ್ ಗಾಜಿಗೂ ಇದೇ ಮಾತು.
* ಟ್ರ್ಯಾಕ್ಟರ್ ಹೊಡೆಯುವವರು ಮುಂದೆ ಅಂಚಿರುವ ಟೋಪಿ ಹಾಕಿ.
* ಸೂರ್ಯನನ್ನು ದಿಟ್ಟಿಸಬೇಡಿ. ರಸ್ತೆಯ ಎಡ ಅಂಚು ಹಿಡಿದು ನಿಧಾನ ಸಾಗಿ. ಓವರ್‌ಟೇಕ್ ಬೇಡ.
* ಟ್ರಾಲಿಯ ಹಿಂದಿನ ಕೆಂಪು ದೀಪ ಉರಿಯುವಂತಿರಲಿ. ರಾತ್ರಿ ಹೊಳೆಯುವ ರಿಫ್ಲೆಕ್ಟರ್ ಈ ಹೊತ್ತಿನಲ್ಲಿ ಕಾಣದು.
* ಡಾಂಬರಿನ ಮೇಲೆ ರಾಶಿ ಹರವಬೇಡಿ. ಬಾಗಿ ಕೆಲಸ ಮಾಡುವವರು ಹೊತ್ತಿನ ಎದುರು ಕಾಣುವುದಿಲ್ಲ.
* ಏನೂ ಕಾಣದಾದರೆ ವೇಗ ಇಳಿಸಿ, ಡಾಂಬರಿನಿಂದ ಪೂರ್ತಿ ಕೆಳಗಿಳಿದು ನಿಲ್ಲಿ.

ಅರ್ಧ ತಾಸು ನಿಂತರೆ ಹೊತ್ತು ಏರುತ್ತದೆ. ಒಂದು ಚಾ ಕುಡಿಯಿರಿ. ಎತ್ತಿನ ಬೆಲೆಗಿಂತ, ಮನುಷ್ಯರ ಜೀವಕ್ಕಿಂತ ಅದು ಅಗ್ಗ.