ಊರು ಒಂದೇ ಇರಲಿ, ಹತ್ತುವ ದಾರಿ ಎರಡಿರಲಿ

ಪ್ರಶ್ನೆ: ನಾವು ಮೂವರು ಹುಬ್ಬಳ್ಳಿಯಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ಈಗ ಒಬ್ಬ ಅಹಮದಾಬಾದಿನಲ್ಲಿ, ಒಬ್ಬ ವಡೋದರಾದಲ್ಲಿ, ನಾನು ಸೂರತ್ತಿನಲ್ಲಿ. ಬೇಸಿಗೆ ರಜೆಯಲ್ಲಿ ಮೂರು ಮನೆಯವರೂ ಸೇರಿ ಹಿಮಾಲಯಕ್ಕೆ ಚಾರಣ ಹೋಗುವುದು ರೂಢಿ. ಕಳೆದ ವರ್ಷ ಜೂನ್ ಮೊದಲ ವಾರ ಮನಾಲಿಯಿಂದ ಹಂಪ್ತಾ ಪಾಸ್‌ಗೆ ಹೊರಟಿದ್ದೆವು, ಏರ್ಪಾಟೆಲ್ಲ ನನ್ನದು. ಬಾಲು ಕಾ ಘೇರಾ ಬಿಟ್ಟು ಮೇಲೆ ಹೋಗುತ್ತಿದ್ದಂತೆ ಮಂಡಿಯುದ್ದ ಹಿಮ. ಹದಿನಾಲ್ಕು ವರ್ಷದ ಮಗ ಹೆಜ್ಜೆಹೆಜ್ಜೆಗೂ ಕುಸಿಯುತ್ತಿದ್ದ. ನಾನು ಹಟ ಹಿಡಿದು ಎಲ್ಲರನ್ನೂ ವಾಪಸ್ ಕರೆತಂದೆ. ಅವತ್ತೇ ಬೇರೆ ಎರಡು ತಂಡದವರು ಪಾಸ್ ದಾಟಿದರಂತೆ. ಅಂದಿನಿಂದ ವಡೋದರಾದವನು "ನಿನ್ನ ಕೂಡ ಹೋದ್ರ ಅರ್ಧಾ ದಾರೀನ ಗತಿ ನೋಡಪಾ" ಎಂದು ಸಿಕ್ಕಲ್ಲೆಲ್ಲ ಹಂಗಿಸುತ್ತಾನೆ. ಈ ಸಲವೂ ಅದೇ ಪಾಸ್, ಅದೇ ವಾರ ಎಂದು ಅವರಿಬ್ಬರೂ ತೀರ್ಮಾನಿಸಿಬಿಟ್ಟಿದ್ದಾರೆ. ಹೆಂಡತಿ 2024ರ ಸಹಸ್ರತಾಲ್ ಸುದ್ದಿ ತೆಗೆದು ಬೇಡವೇ ಬೇಡ ಎನ್ನುತ್ತಾಳೆ. ನಿಜ ಹೇಳಬೇಕೆಂದರೆ ನನಗೆ ಹಿಮಕ್ಕಿಂತ ಆ ಕಡೆಯ ತೊರೆ ದಾಟುವುದೇ ಭಯ. ಈ ಸಲವೂ ತಿರುಗಿ ಬಂದರೆ ಗೆಳೆತನ ಉಳಿಯುವುದಿಲ್ಲ ಅನ್ನಿಸುತ್ತಿದೆ. ಏನು ಮಾಡಲಿ?
– ಹೆಸರು ಬೇಡ, ಸೂರತ್

ಉತ್ತರ: ಮೊದಲು ಗೆಳೆಯನ ಮಾತು ಮುಗಿಸಿಬಿಡೋಣ. ನಿಮ್ಮ ಪತ್ರದ ತುಂಬ ಅವರೇ ಇದ್ದಾರೆ. ಮಕ್ಕಳನ್ನು ಕಟ್ಟಿಕೊಂಡು ಮಂಡಿಯುದ್ದ ಹಿಮದಿಂದ ತಿರುಗಿ ಬಂದದ್ದಕ್ಕೆ ಇನ್ನು ಯಾರಿಗೂ ಸಮಜಾಯಿಷಿ ಕೊಡಬೇಡಿ. ಹಾಗೆಂದು ಗೆಳೆಯನ ಸಿಟ್ಟಿಗೆ ಕಾರಣವೇ ಇಲ್ಲ ಎನ್ನಲಾರೆ. "ವಾಪಸ್ ಬರಬೇಕಾಗಬಹುದು" ಎಂಬ ಮಾತನ್ನು ಅವರು ಮೊದಲ ಸಲ ಕೇಳಿದ್ದು ಏದುಸಿರು ಬಿಡುತ್ತ ನಿಂತಿದ್ದ ಆ ಏರಿನಲ್ಲೇ ಇರಬೇಕು. ಮನೆಯಲ್ಲಿ ಆಡಿ ಮುಗಿಸಬೇಕಾದ ಮಾತನ್ನು ಅಷ್ಟು ಎತ್ತರದಲ್ಲಿ ಮೊದಲು ಆಡಿದರೆ ಅದು ಮುಂದಾಳುವಿನ ನಿರ್ಧಾರವಾಗಿ ಕೇಳಿಸುವುದಿಲ್ಲ, ಹೆದರಿಕೆಯಾಗಿಯೇ ಕೇಳಿಸುತ್ತದೆ. ಇನ್ನು ಅವತ್ತು ದಾಟಿ ಹೋದ ಆ ಎರಡು ತಂಡಗಳು. ಅವರು ಡೇರೆ ಬಿಟ್ಟದ್ದು ಎಷ್ಟು ಗಂಟೆಗೆ, ಬೂಟಿಗೆ ಮುಳ್ಳಿನ ಪಟ್ಟಿ ಹಾಕಿದ್ದರೇ, ಜೊತೆಯಲ್ಲಿ ಮಕ್ಕಳಿದ್ದರೇ ಎಂದು ಗೆಳೆಯನನ್ನು ಒಮ್ಮೆ ಕೇಳಿ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗಿನ ಜಾವ ಕಾಲನ್ನು ಹೊರುತ್ತದೆ. ಹತ್ತು ಹನ್ನೊಂದರ ಬಿಸಿಲು ಬಿದ್ದ ಮೇಲೆ ಅದೇ ಹಿಮ ಮಂಡಿಯವರೆಗೆ ನುಂಗುತ್ತದೆ. ನಸುಕಿನ ನಾಲ್ಕಕ್ಕೆ ಹೊರಟವರೂ ಚಹಾ, ತಿಂಡಿ ಮುಗಿಸಿ ಎಂಟಕ್ಕೆ ಹೊರಟವರೂ ನಡೆಯುವುದು ಒಂದೇ ಬೆಟ್ಟದಲ್ಲಲ್ಲ.

ನಿಮ್ಮ ಮೂವರ ಯೋಜನೆಯಲ್ಲಿ ನನಗೆ ಕಾಣುವ ದೋಷ ತಾರೀಕಿನದು. ಗುಜರಾತಿನ ಶಾಲೆಗಳಿಗೆ ಬೇಸಿಗೆ ರಜೆ ಮೇ ತಿಂಗಳಲ್ಲಿ ಶುರುವಾಗಿ ಜೂನ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತದೆ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ, ಅಂದರೆ ಜೂನ್ ಒಂದರ ಟಿಕೆಟ್ಟನ್ನು ಏಪ್ರಿಲ್ ಮೊದಲ ವಾರಕ್ಕೇ ತೆಗೆಯುತ್ತೀರಿ. ಆಗ ಮನಾಲಿಯ ಮೇಲಿನ ಬೆಟ್ಟಗಳಲ್ಲಿ ಇನ್ನೂ ಹಿಮ ಬೀಳುತ್ತಿರುತ್ತದೆ. ಎಷ್ಟು ಉಳಿಯುತ್ತದೆ, ಎಷ್ಟು ಕರಗುತ್ತದೆ ಎಂದು ಅಲ್ಲಿಯ ಕುರುಬರೂ ಹೇಳಲಾರರು. ಆದರೂ ಟಿಕೆಟ್ ತೆಗೆದ ದಿನವೇ ಪಾಸನ್ನೂ ನಿಶ್ಚಯಿಸಿಬಿಡುತ್ತೀರಿ, ವಾಪಸ್ ಬರುವ ದಿನವನ್ನೂ. ನಾಲ್ಕು ದಿನದ ಚಾರಣಕ್ಕೆ ಸರಿಯಾಗಿ ನಾಲ್ಕೇ ದಿನ ಇಟ್ಟುಕೊಂಡು, ಐದನೆಯ ಸಂಜೆ ಚಂಡೀಗಢದಲ್ಲಿ ರೈಲು ಹಿಡಿಯಬೇಕಾದವನು ಆಕಾಶ ನೋಡುವುದಿಲ್ಲ, ಗಡಿಯಾರ ನೋಡುತ್ತಾನೆ. ಬೆಟ್ಟದ ಅಪಘಾತಗಳ ಹಿಂದೆ ಧೈರ್ಯ, ಅಧೈರ್ಯಗಳಿಗಿಂತ ಹೆಚ್ಚಾಗಿ ಇಂಥ ಕನ್‌ಫರ್ಮ್ ಆದ ಟಿಕೆಟ್ಟುಗಳೇ ಇರುತ್ತವೆ ಎಂಬುದು ನನ್ನ ಗುಮಾನಿ.

ಹಂಪ್ತಾ ಪಾಸ್‌ನ ಎತ್ತರ ಸುಮಾರು 4,270 ಮೀಟರ್. ಸಾಮಾನ್ಯವಾಗಿ ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಅದರ ಕಾಲ. ಜೂನ್ ಮೊದಲ ವಾರವೆಂದರೆ ನೀವು ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಂತೆ. ಇದೇನೂ ಸುಮ್ಮನೆ ಹತ್ತಿ ಇಳಿಯುವ ದಾರಿಯೂ ಅಲ್ಲ: ಕುಲು ಕಡೆಯಿಂದ ಹತ್ತಿ, ಲಾಹೌಲ್ ಕಡೆ ಶಿಯಾ ಗೋರುವಿಗೆ ಇಳಿದು, ಮರುದಿನ ಛತ್ರುವಿನಲ್ಲಿ ರಸ್ತೆ ಸೇರಬೇಕು. ಹಿಮದಿಂದಾಗಿ ಪಾಸ್ ದಾಟುವುದು ತಡವಾದರೆ ಸುಸ್ತಾದ ತಂಡ ಶಿಯಾ ಗೋರು ತಲುಪುವುದು ಮಧ್ಯಾಹ್ನದ ಮೇಲೆ. ತೊರೆ ಅತಿ ಹೆಚ್ಚು ತುಂಬಿರುವುದೂ ಆಗಲೇ. ಹಿಂದೆ ಹೋಗೋಣವೆಂದರೆ ಮತ್ತೆ ಅದೇ ಪಾಸ್ ಹತ್ತಬೇಕು. ನೀವು ಹಿಮವೇ ಬೇರೆ, ತೊರೆಯೇ ಬೇರೆ ಎಂಬಂತೆ ಬರೆದಿದ್ದೀರಿ. ಬೆಳಗಿನ ಹಿಮದ ಲೆಕ್ಕ ತಪ್ಪಿದರೆ ಸಂಜೆ ತೊರೆಯ ಲೆಕ್ಕವೂ ತಪ್ಪುತ್ತದೆ. ಛತ್ರುವಿನ ರಸ್ತೆ ಆ ವರ್ಷ ತೆರೆದಿದೆಯೇ ಎಂಬುದನ್ನೂ ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಇಳಿದ ಮೇಲೆ ಗಾಡಿ ಇಲ್ಲವೆಂದರೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುತ್ತೀರಿ?

ಆದ್ದರಿಂದ ಟಿಕೆಟ್ ತೆಗೆಯಿರಿ, ಪಾಸನ್ನು ಮಾತ್ರ ನಿಶ್ಚಯಿಸಬೇಡಿ. ಮನಾಲಿ ಎಂದಷ್ಟೇ ಇರಲಿ, ದಾರಿ ಎರಡು ಇಟ್ಟುಕೊಳ್ಳಿ. ಹಿಮ ಕಡಿಮೆಯಿದ್ದರೆ ಹಂಪ್ತಾ. ಹೆಚ್ಚಿದ್ದರೆ ಭೃಗು ಸರೋವರ. ಅದೂ 4,200 ಮೀಟರ್ ದಾಟುತ್ತದೆ, ಅಲ್ಲೂ ಹಿಮ ಸಿಗುತ್ತದೆ, ಆದರೆ ಹೋದ ದಾರಿಯಲ್ಲೇ ವಾಪಸ್ ಬರಬಹುದು. ಎಲ್ಲಿ ಸಾಕೆನ್ನಿಸಿತೋ ಅಲ್ಲಿಂದ ತಿರುಗಿದರಾಯಿತು. ಹವೆ ಪೂರ್ತಿ ಕೆಟ್ಟರೆ ತೀರ್ಥನ್ ಕಣಿವೆ ಇದೆ. 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅಲ್ಲಿಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಕೆಳಗಿನ ಕಾಡುದಾರಿಗಳಿಗೆ ಜೂನ್‌ನಲ್ಲಿ ಹಿಮದ ತಂಟೆ ಇಲ್ಲ, ಪರವಾನಗಿ ಮಾಡಿಸಿಕೊಂಡರೆ ಆಯಿತು. ಇದರ ಜೊತೆಗೆ ಎರಡು ಖಾಲಿ ದಿನ ಇರಲೇಬೇಕು. ಅಷ್ಟು ರಜೆ ಸಿಗದಿದ್ದರೆ ದಾರಿಯನ್ನು ಚಿಕ್ಕದು ಮಾಡಿ, ಖಾಲಿ ದಿನಗಳಿಗೆ ಕೈಹಚ್ಚಬೇಡಿ.

ಯಾವ ದಾರಿ ಎಂಬ ತೀರ್ಮಾನ ಮೇ ಕೊನೆಯ ವಾರ ಆಗಲಿ, ಅದಕ್ಕೆ ಅಹಮದಾಬಾದಿನ ಗೆಳೆಯನಿಗೆ ಒಂದು ಕೆಲಸ ಒಪ್ಪಿಸಿ. ಅವರ ಊರಲ್ಲೇ ಇರುವ ಇಸ್ರೋದ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರ್ ಹಿಮಾಲಯದ ಹಿಮವನ್ನು ಉಪಗ್ರಹಗಳಿಂದ ಅಳೆಯುತ್ತ ಬಂದಿದೆ. ಅಲ್ಲಿಂದ ನಡೆಯುವ ಮೋಸ್‌ಡ್ಯಾಕ್ ಜಾಲತಾಣದಲ್ಲಿ ಇನ್‌ಸ್ಯಾಟ್ ತೆಗೆದ ಮೋಡದ ಚಿತ್ರಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಒಂದೇ ಜಾಗವನ್ನು ಐದು ದಿನಕ್ಕೊಮ್ಮೆ ಚಿತ್ರಿಸುತ್ತವೆ, ಅದೂ ಬಿಟ್ಟಿ. ಹಿಂದಿನ ನಾಲ್ಕೈದು ವರ್ಷ ಮೇ ಕೊನೆಯಲ್ಲಿ ಹಂಪ್ತಾ ಹೇಗಿತ್ತು, ಈ ವರ್ಷ ಹೇಗಿದೆ ಎಂದು ಪಕ್ಕಪಕ್ಕ ಇಟ್ಟು ನೋಡಲಿ. ಬಾಲು ಕಾ ಘೇರಾದ ಹುಲ್ಲುಗಾವಲು ಇನ್ನೂ ಬೆಳ್ಳಗೇ ಕಂಡರೆ ವಾದವೇ ಬೇಡ, ಭೃಗು. ನೀವು ಬೇಡವೆಂದರೆ ಹೆದರಿದಿರಿ ಎನ್ನುವವರು ಚಿತ್ರ ಬೇಡವೆಂದರೆ ಸುಮ್ಮನಾಗುತ್ತಾರೆ. ಇದರ ಮೇಲೆ ಹಂಪ್ತಾ ಚಾರಣ ಶುರುವಾಗುವ ಜೋಬ್ರಾ ಕಡೆಯ ಗೈಡ್‌ಗೆ ಫೋನು ಹಚ್ಚಿ ಕೇಳಿ. ಗೈಡ್ ಇಲ್ಲದೆ ನಾವೇ ಹೊತ್ತು ನಾವೇ ಹೋಗುತ್ತೇವೆ ಎಂಬ ಆಸೆ ಏನಾದರೂ ಇದ್ದರೆ, ಮಕ್ಕಳಿರುವ ತಂಡಕ್ಕೆ ಜೂನ್ ಮೊದಲ ವಾರ ಅದು ಬೇಡ.

ನಿಮ್ಮ ಮನೆಯವರು ಸಹಸ್ರತಾಲ್ ನೆನೆದು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. 2024ರ ಜೂನ್ ಮೊದಲ ವಾರವೇ, ಉತ್ತರಕಾಶಿಯ ಮೇಲೆ, ಸುಮಾರು 4,400 ಮೀಟರ್ ಎತ್ತರದ ಆ ದಾರಿಯಲ್ಲಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋಗಿದ್ದ 9 ಮಂದಿ ತೀರಿಕೊಂಡರು. ಅವರಲ್ಲಿ ಅನುಭವಿಗಳೂ ಇದ್ದರು. ಸೂರತ್ತಿನಲ್ಲಿ ನಲವತ್ತು ಡಿಗ್ರಿ ಇರುವಾಗ ಅಲ್ಲಿ ಹಿಮಗಾಳಿ ಎಂದರೆ ನಂಬುವುದು ಕಷ್ಟ, ಆದರೆ ನಿಮ್ಮ ಕರಾವಳಿಯ ಹವೆಗೂ ಆ ಬೆಟ್ಟದ ಹವೆಗೂ ನಂಟಿದೆ. 2021ರ ಮೇ 17ರಂದು ಸೌರಾಷ್ಟ್ರಕ್ಕೆ ಅಪ್ಪಳಿಸಿದ ತೌಕ್ತೆ ಚಂಡಮಾರುತದ ಉಳಿಕೆ ಉತ್ತರಕ್ಕೆ ಸಾಗಿ, ಪಶ್ಚಿಮದಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಮಳೆಮಾರುತದ ಜೊತೆ ಸೇರಿ, ಎರಡೇ ದಿನದಲ್ಲಿ ದೆಹಲಿಯಲ್ಲಿ ಮೇ ತಿಂಗಳ ದಾಖಲೆ ಮಳೆ ಸುರಿಸಿತು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಬಡಿದ ಹುಡ್‌ಹುಡ್ ಎರಡು ದಿನ ಬಿಟ್ಟು ನೇಪಾಳದ ಥೋರೊಂಗ್ ಲಾ ಪಾಸ್ ಮತ್ತು ಸುತ್ತಲಿನ ಬೆಟ್ಟಗಳಲ್ಲಿ ಹಿಮವಾಗಿ ಬಿದ್ದು 40ಕ್ಕೂ ಹೆಚ್ಚು ಜನರನ್ನು ಕೊಂದಿತು. ಅರಬ್ಬಿ ಸಮುದ್ರದಲ್ಲೋ ಬಂಗಾಳ ಕೊಲ್ಲಿಯಲ್ಲೋ ಚಂಡಮಾರುತ ಎದ್ದಿದೆ ಎಂದು ಸುದ್ದಿಯಾದರೆ, ಅದು ನಿಮ್ಮ ಚಾರಣದ ಸುದ್ದಿಯೂ ಹೌದು. ಆ ಎರಡು ಖಾಲಿ ದಿನಗಳು ಇರುವುದೇ ಅಂಥ ಹೊತ್ತಿಗೆ ಡೇರೆಯಲ್ಲಿ ಕೂತು ಇಸ್ಪೀಟು ಆಡಲು.

ಈಗ ತೊರೆ. ನಿಮಗೆ ಭಯವಿರುವುದು ಒಳ್ಳೆಯದೇ, ಇಲ್ಲಿ ಜನ ಹಿಮದಲ್ಲಿಗಿಂತ ಬೇಗ ಮೋಸ ಹೋಗುತ್ತಾರೆ. ಹಗಲು ಕರಗಿದ ಹಿಮ ಕೆಳಗಿಳಿದು ಬರಲು ಹೊತ್ತು ಹಿಡಿಯುವುದರಿಂದ ನೀರು ಸಂಜೆಯ ಕಡೆಗೆ ಏರಿ, ರಾತ್ರಿಯ ಚಳಿಗೆ ಇಳಿದು, ನಸುಕಿನಲ್ಲಿ ಅತಿ ಕಡಿಮೆ ಇರುತ್ತದೆ. ಆದ್ದರಿಂದ ಶಿಯಾ ಗೋರುವಿನಲ್ಲಿ ಈಚೆ ದಡದಲ್ಲೇ ಮಲಗಿ, ಬೆಳಿಗ್ಗೆ ಆರರ ಹೊತ್ತಿಗೆ ದಾಟಬೇಕು. ನೀರು ಮೂಳೆ ಕೊರೆಯುತ್ತದೆ, ನಿಜ. ಬಿಸಿಲು ಬರಲಿ ಎಂದು ಕಾಯುವ ಮಕ್ಕಳನ್ನು ಗದರಿಸಿ ಎಬ್ಬಿಸಿ. ದಡದಲ್ಲಿ ನಿಂತು ಒಂದು ಕಡ್ಡಿ ಎಸೆಯಿರಿ. ನೀವು ನಡೆಯುವುದಕ್ಕಿಂತ ಅದು ಜೋರಾಗಿ ಓಡಿದರೆ, ಅಥವಾ ನೀರಿನಡಿಯಲ್ಲಿ ಕಲ್ಲುಗಳು ಉರುಳುವ ಗುಡುಗುಡು ಸದ್ದು ಕೇಳಿದರೆ, ಅಲ್ಲಿ ಬೇಡ. ಅರ್ಧ ಗಂಟೆ ಮೇಲೆ ಕೆಳಗೆ ನಡೆದು, ತೊರೆ ಹರಡಿಕೊಂಡು ಮೂರು ನಾಲ್ಕು ಕವಲಾಗಿರುವ ಜಾಗ ಹುಡುಕಿ. ಕಿರಿದಾದ ಕಡೆ ದಾಟುವುದು ಸುಲಭವೆಂದು ಕಣ್ಣಿಗೆ ಕಾಣುತ್ತದೆ, ಆದರೆ ಅಲ್ಲೇ ಆಳ, ಅಲ್ಲೇ ಸೆಳೆತ. ರಭಸವಿರುವ ನೀರು ದೊಡ್ಡವರ ಮಂಡಿ ಮೀರಿದರೆ ದಾಟುವುದಿಲ್ಲ ಎಂಬ ಗೆರೆ ಹಾಕಿಕೊಳ್ಳಿ. ಮಕ್ಕಳಿಗೆ ಆ ಗೆರೆ ಇನ್ನೂ ಕೆಳಗೆ.

ದಾಟುವಾಗ ಬರಿಗಾಲು ಬೇಡ. ಪಟ್ಟಿ ಇರುವ ಸ್ಯಾಂಡಲ್ ಹಾಕಿ, ಬೂಟನ್ನು ಕುತ್ತಿಗೆಗೆ ನೇತುಹಾಕದೆ ಬ್ಯಾಗಿನೊಳಗೆ ಇಡಿ. ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಎರಡನ್ನೂ ಬಿಚ್ಚಿ, ಬಿದ್ದರೆ ಬ್ಯಾಗನ್ನು ಕಳಚಿ ಬಿಡಲು ಬರಬೇಕು. ಮುಖ ನೀರು ಬರುವ ಕಡೆಗಿರಲಿ, ಕೋಲನ್ನು ಮುಂದೆ ಊರಿ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲಷ್ಟೇ ಇನ್ನೊಂದನ್ನು ಪಕ್ಕಕ್ಕೆ ಸರಿಸಿ. ಮಕ್ಕಳನ್ನು ಇಬ್ಬರು ದೊಡ್ಡವರ ನಡುವೆ ತೋಳು ಹಿಡಿಸಿ ದಾಟಿಸಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಾಟುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ, ಬಿದ್ದವನನ್ನು ಆ ಹಗ್ಗವೇ ನೀರಿನಡಿ ಹಿಡಿದಿಡುತ್ತದೆ. ತೊರೆಯ ಮೇಲೆ ಹಿಮದ ಸೇತುವೆ ಕಂಡರೂ ಗೈಡ್ ಕೋಲಿನಿಂದ ಕುಟ್ಟಿ ನೋಡುವವರೆಗೆ, ಅದರಲ್ಲೂ ಬಿಸಿಲೇರಿದ ಮೇಲೆ, ಕಾಲಿಡಬೇಡಿ.

ಗೆಳೆತನದ ವಿಷಯಕ್ಕೆ ಬರುತ್ತೇನೆ. ಏಪ್ರಿಲ್‌ನಲ್ಲಿ ಟಿಕೆಟ್ ತೆಗೆಯುವ ಮೊದಲು ಮೂವರೂ ಒಂದು ಭಾನುವಾರ ವಡೋದರಾದಲ್ಲಿ ಸೇರಿ, ನಿಮಗೂ ಅಹಮದಾಬಾದಿನವರಿಗೂ ಅದು ನಡುದಾರಿ. ಮನೆಯವರೂ ಇರಲಿ. ಅಲ್ಲಿ ಬಾಯಿಬಿಟ್ಟು ಮಾತಾಡಿ, ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಿ: ಬೆಳಿಗ್ಗೆ ಹತ್ತರೊಳಗೆ ಪಾಸ್ ಮುಟ್ಟದಿದ್ದರೆ ಎಲ್ಲೇ ಇರಲಿ ವಾಪಸ್, ಯಾರಾದರೂ ಒಬ್ಬರು, ಮಗುವೇ ಆಗಲಿ, ಆಗುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು, ಹವೆಯ ಬಗ್ಗೆ ಗೈಡ್ ಮಾತೇ ಕೊನೆ. ಬೇಡ ಎನ್ನುವ ಕೆಲಸ ಹೀಗೆ ನಿಮ್ಮ ಹೆಗಲಿನಿಂದ ಇಳಿಯುತ್ತದೆ. ಇಷ್ಟು ಬರೆಯಲೂ ವಡೋದರಾದವರು ಒಪ್ಪದಿದ್ದರೆ ಈ ವರ್ಷ ಅವರ ಜೊತೆ ಪಾಸ್ ಹತ್ತಬೇಡಿ, ದೀಪಾವಳಿಗೆ ಊಟಕ್ಕೆ ಕರೆಯಿರಿ. ಅಂದಹಾಗೆ, ಗುಜರಾತಿನ ಶಾಲೆಗಳಿಗೆ ದೀಪಾವಳಿಗೆ ಮೂರು ವಾರ ರಜೆ. ಆಗ ತೊರೆಗಳು ಬಡಕಲಾಗಿರುತ್ತವೆ, ಆಕಾಶ ತಿಳಿಯಾಗಿರುತ್ತದೆ. ತುಂಗನಾಥದ ಮೇಲಿನ ಚಂದ್ರಶಿಲಾವೋ ಕುವಾರಿ ಪಾಸೋ ಆ ಹೊತ್ತಿಗೆ ಚೆಂದ, ಚಳಿಗೆ ಮಾತ್ರ ಸಿದ್ಧರಿರಬೇಕು. ಯಾವಾಗಲೂ ಬೇಸಿಗೆಯಲ್ಲೇ ಹೋಗಬೇಕೆಂದು ನಿಮ್ಮ ಮೂವರಿಗೆ ಯಾರು ಹೇಳಿದರೋ ತಿಳಿಯದು.

ಇನ್ನು ಸಣ್ಣಪುಟ್ಟವು. ಸೂರತ್ತು ಸಮುದ್ರಮಟ್ಟದ ಊರು, ಮನಾಲಿ 2,000 ಮೀಟರ್ ಮೇಲಿದೆ. ಬಸ್ಸಿಳಿದ ಮರುದಿನವೇ ನಡೆಯದೆ ಎರಡು ರಾತ್ರಿ ಅಲ್ಲಿ ಮಲಗಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರದಿರಲಿ. ತಲೆನೋವಿನ ಜೊತೆ ವಾಂತಿ, ತೂರಾಟ, ಕೂತಲ್ಲೇ ಏದುಸಿರು ಕಂಡರೆ ಗುಳಿಗೆ ಕೊಟ್ಟು ಕಾಯದೆ ಕೆಳಗೆ ಇಳಿಸಬೇಕು. ಗುಜರಾತಿನಿಂದ ಹೊರಬಿದ್ದ ಖುಷಿಗೆ ಮನಾಲಿಯ ಮೊದಲ ರಾತ್ರಿಯೇ ಬಾಟಲಿ ತೆಗೆಯುವವರು ಇಂಥ ತಂಡಗಳಲ್ಲಿ ಒಬ್ಬರಾದರೂ ಇರುತ್ತಾರೆ, ಅವರಿಗೆ ವಾಪಸ್ ಬರುವ ದಾರಿಯವರೆಗೆ ತಡೆದುಕೊಳ್ಳಲು ಹೇಳಿ. ಥೇಪ್ಲಾ, ಖಾಖ್ರಾ, ಹುರಿದ ಅವಲಕ್ಕಿ ಕೈಗೆ ಸಿಗುವಂತೆ ಮೇಲೇ ಇಡಿ. ಹಿಮದ ಬಿಸಿಲಿಗೆ ಕಪ್ಪು ಕನ್ನಡಕ ಮಕ್ಕಳಿಗೂ ಬೇಕು. ಬೂಟುಗಳನ್ನು ಏಪ್ರಿಲ್‌ನಲ್ಲೇ ಕೊಂಡು, ಬ್ಯಾಗಿನಲ್ಲಿ ಏಳೆಂಟು ಕಿಲೋ ತುಂಬಿಕೊಂಡು ಪಾವಾಗಢ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಿರಿ. ಮಗನ ಹಿಮ್ಮಡಿಯಲ್ಲಿ ಗುಳ್ಳೆ ಏಳುವುದಿದ್ದರೆ ಅಲ್ಲೇ ಏಳಲಿ, ಬೂಟು ಬದಲಾಯಿಸಲು ಇನ್ನೂ ಒಂದು ತಿಂಗಳು ಇರುತ್ತದೆ.