ಕ್ಲ್ಯಾಟ್‌ಗೆ ಇಂಗ್ಲಿಷ್ ಪದಸಂಪತ್ತು: ಪಟ್ಟಿ ಬಿಡಿ, ಗದ್ಯ ಹಿಡಿಯಿರಿ

ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ದೇಶದ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಐದು ವರ್ಷದ ಕಾನೂನು ಪದವಿಗೆ ಸೇರಬೇಕಾದರೆ ಕ್ಲ್ಯಾಟ್ ಬರೆಯಬೇಕು. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಶೇ 25ರಷ್ಟು ಮೀಸಲಾತಿಯೂ ಇದೆ. ಹಾಗಿದ್ದೂ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಬಂದ ಎಷ್ಟೋ ಜಾಣ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ, ತಮಗೆ ಅಷ್ಟು ಪದಗಳು ಗೊತ್ತಿಲ್ಲ ಎಂಬ ಅಳುಕು. ಈ ಅಳುಕು ನೀಗಬಲ್ಲದ್ದು. ಆದರೆ ಪುಸ್ತಕದಂಗಡಿಯಲ್ಲಿ ಸಿಗುವ ಸಾವಿರಾರು ಪದಗಳ ಪಟ್ಟಿಯನ್ನು ಉರು ಹೊಡೆಯುವುದು ಅದಕ್ಕೆ ದಾರಿಯಲ್ಲ.

ಕಾರಣ ಪರೀಕ್ಷೆಯ ಸ್ವರೂಪದಲ್ಲೇ ಇದೆ. 2020ರಿಂದ ಕ್ಲ್ಯಾಟ್ ಗದ್ಯಭಾಗ ಆಧಾರಿತವಾಗಿದೆ. ಈಗ 2 ಗಂಟೆಯಲ್ಲಿ 120 ಪ್ರಶ್ನೆ. ಅದರಲ್ಲಿ ಇಂಗ್ಲಿಷ್ ವಿಭಾಗದ್ದು 22ರಿಂದ 26. ಸುಮಾರು 450 ಪದಗಳ ಒಂದು ಬರಹ ಕೊಟ್ಟು, ಅದರೊಳಗಿನ ಪದ ಆ ಸಾಲಿನಲ್ಲಿ ಏನನ್ನು ಹೇಳುತ್ತಿದೆ ಎಂದು ಕೇಳುತ್ತಾರೆ. ಕಾನೂನು, ತರ್ಕ, ಪ್ರಚಲಿತ ವಿದ್ಯಮಾನದ ಪ್ರಶ್ನೆಗಳೂ ಗದ್ಯಭಾಗದ ಬೆನ್ನಿಗೇ ಬರುತ್ತವೆ. ಆದ್ದರಿಂದ ಪದಜ್ಞಾನದ ಫಲ ಇಡೀ ಪತ್ರಿಕೆಗೆ ಸಿಗುತ್ತದೆ.

ನಿಮ್ಮ ಮಟ್ಟ ಮೊದಲು ತಿಳಿಯಲಿ

ಪರೀಕ್ಷೆ ನಡೆಸುವ ಒಕ್ಕೂಟದ ಜಾಲತಾಣದಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಒಂದನ್ನು ಮುದ್ರಿಸಿಕೊಂಡು, ನಿಘಂಟು ದೂರವಿಟ್ಟು, ಒಂದು ಗದ್ಯಭಾಗ ಓದಿ. ಅರ್ಥವಾಗದ ಪದಗಳ ಕೆಳಗೆ ಗೆರೆ ಎಳೆಯಿರಿ. ಗೆರೆಗಳು ಹತ್ತು ದಾಟಿದರೆ ಸಂಪಾದಕೀಯಗಳಿಗೆ ಈಗಲೇ ಕೈ ಹಾಕಬೇಡಿ. ಇಂಗ್ಲಿಷ್ ಪತ್ರಿಕೆಯ ಸ್ಥಳೀಯ ಸುದ್ದಿ, ಕ್ರೀಡಾ ವರದಿಗಳಿಂದ ಶುರುಮಾಡಿ. ವಿಷಯ ಮೊದಲೇ ಗೊತ್ತಿದ್ದರೆ ಹೊಸ ಪದದ ಅರ್ಥವನ್ನು ಊಹಿಸುವುದು ಸುಲಭ.

ಒಂದೇ ತೀರ್ಪು, ಎರಡು ಭಾಷೆ

ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಅಭ್ಯಾಸ ಇದು. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್‌ನ ಒಂದು ತೀರ್ಪಿನ ವರದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ, ಆಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. 'ಪ್ರಜಾವಾಣಿ' ಮತ್ತು 'ಡೆಕ್ಕನ್ ಹೆರಾಲ್ಡ್' 1948ರಿಂದಲೂ ಒಂದೇ ಮನೆಯ ಪತ್ರಿಕೆಗಳು. ಒಂದೇ ಸುದ್ದಿ ಎರಡೂ ಕಡೆ ಸಿಗುವುದು ಕಷ್ಟವಲ್ಲ. ಕನ್ನಡದಲ್ಲಿ 'ಜಾಮೀನು ಮಂಜೂರು' ಎಂದು ಓದಿದವರಿಗೆ ಇಂಗ್ಲಿಷಿನಲ್ಲಿ ಬೇಲ್ ಜತೆ ಗ್ರಾಂಟ್ ಬರುತ್ತದೆಂಬುದು ಕಣ್ಣಿಗೇ ಕಾಣುತ್ತದೆ. 'ಎಫ್‌ಐಆರ್ ರದ್ದು' ಎಂದಿರುವ ಕಡೆ ಕ್ವಾಷ್ ಇರುತ್ತದೆ, ಕೆಳ ನ್ಯಾಯಾಲಯದ ಆದೇಶವನ್ನು 'ಎತ್ತಿಹಿಡಿದ' ಕಡೆ ಅಪ್‌ಹೆಲ್ಡ್. ಹೀಗೆ ಪದ ತನ್ನ ಜತೆಗಾರ ಪದದೊಡನೆಯೇ ಮನಸ್ಸಿಗೆ ಇಳಿಯುತ್ತದೆ.

ಗೊತ್ತಿರುವ ಪದಗಳ ಮೇಲೂ ಕಣ್ಣಿರಲಿ. ನ್ಯಾಯಾಲಯ ಅರ್ಜಿಯನ್ನು ಎಂಟರ್‌ಟೈನ್ ಮಾಡಲು ನಿರಾಕರಿಸಿತು ಎಂದರೆ ಮನರಂಜನೆಗೂ ಅದಕ್ಕೂ ಸಂಬಂಧವಿಲ್ಲ. ಅರ್ಜಿಯನ್ನು ಪರಿಗಣನೆಗೆ ತೆಗೆದುಕೊಳ್ಳಲಿಲ್ಲ ಎಂದಷ್ಟೇ. ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆದರೆ ಮಂಜೂರಾತಿ, ಒಂದು ದೇಶದ ಮೇಲೆ ಸ್ಯಾಂಕ್ಷನ್ ಹೇರಿದರೆ ನಿರ್ಬಂಧ. ಕ್ವಾಲಿಫೈಡ್ ಸಪೋರ್ಟ್ ಅಂದರೆ ಷರತ್ತಿಗೆ ಒಳಪಟ್ಟ ಬೆಂಬಲ. ಕಠಿಣ ಪದಗಳಿಗಿಂತ ಇಂಥ ಪರಿಚಿತ ಪದಗಳೇ ಹೆಚ್ಚು ಎಡವಿಸುತ್ತವೆ, ಏಕೆಂದರೆ ಇವಕ್ಕೆ ಯಾರೂ ನಿಘಂಟು ತೆರೆಯುವುದಿಲ್ಲ.

ಚೀಟಿಯಲ್ಲಿ ಏನು ಬರೆಯಬೇಕು?

ದಿನಕ್ಕೆ ಎಂಟು ಪದ ಸಾಕು. ಪದಕ್ಕೊಂದು ರಟ್ಟಿನ ಚೀಟಿ. ಮುಂಭಾಗದಲ್ಲಿ ನೀವು ಓದಿದ ಸಾಲನ್ನೇ ಬರೆದು ಆ ಪದದ ಕೆಳಗೆ ಗೆರೆ ಎಳೆಯಿರಿ; ಬರಿಯ ಪದ ಬೇಡ. ಹಿಂಭಾಗದಲ್ಲಿ ಆ ಸಾಲಿಗೆ ಹೊಂದುವ ಅರ್ಥ, ಕೆಳಗೆ ನಿಮ್ಮದೇ ಒಂದು ವಾಕ್ಯ. ಅರ್ಥವನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಕನ್ನಡದಲ್ಲಿ ಯೋಚಿಸಲೇಬಾರದು ಎಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಖಚಿತವಾಗಿ ತಿಳಿದ ಅರ್ಥ, ಇಂಗ್ಲಿಷಿನಲ್ಲಿ ಮಸುಕಾಗಿ ತಿಳಿದ ಅರ್ಥಕ್ಕಿಂತ ಮೇಲು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು, ಕಲಿಯುವವರಿಗೆಂದೇ ರೂಪಿಸಿದ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಎರಡೂ ಪಕ್ಕದಲ್ಲಿರಲಿ. ಉಚ್ಚಾರಣೆಯನ್ನು ಮೊಬೈಲ್ ನಿಘಂಟಿನಲ್ಲಿ ಒಮ್ಮೆ ಕೇಳಿಸಿಕೊಳ್ಳಿ.

ಮರೆಯುವ ಮೊದಲೇ ಮರಳಿ ನೋಡಿ

ಕಲಿತದ್ದು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ವೇಗವಾಗಿ ಮರೆಯುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು. ಅದೇ ದೇಶದ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಇದಕ್ಕೆ ಡಬ್ಬಿಯ ಉಪಾಯವನ್ನು ಜನಪ್ರಿಯಗೊಳಿಸಿದರು. ಹಳೆಯ ಚಪ್ಪಲಿ ಡಬ್ಬಿಯಲ್ಲಿ ಮೂರು ಅಂಕಣ ಮಾಡಿ. ಹೊಸ ಚೀಟಿಗಳೆಲ್ಲ ಮೊದಲನೆಯದರಲ್ಲಿ. ಅವನ್ನು ದಿನವೂ ನೋಡಬೇಕು. ಅರ್ಥ ಸರಿಯಾಗಿ ಹೇಳಿದರೆ ಚೀಟಿ ಎರಡನೆಯ ಅಂಕಣಕ್ಕೆ, ಅದಕ್ಕೆ ಮೂರು ದಿನಕ್ಕೊಮ್ಮೆ ಸರದಿ. ಅಲ್ಲೂ ಸರಿಹೋದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ಚೀಟಿ ಮೊದಲ ಅಂಕಣಕ್ಕೆ ವಾಪಸ್. ಹಿಂಭಾಗ ತಿರುಗಿಸುವ ಮುನ್ನ ಅರ್ಥವನ್ನು ಬಾಯಿಬಿಟ್ಟು ಹೇಳಲೇಬೇಕು. ನೋಡಿ 'ಹೌದು, ಗೊತ್ತಿತ್ತು' ಎಂದುಕೊಂಡರೆ ಲೆಕ್ಕಕ್ಕಿಲ್ಲ. ಮೊಬೈಲ್ ಒಗ್ಗುವವರಿಗೆ 'ಆಂಕಿ' ಎಂಬ ತಂತ್ರಾಂಶ ಇದೇ ಕೆಲಸ ಮಾಡುತ್ತದೆ.

ಉಪಸರ್ಗ ಗೊತ್ತಿದ್ದವರಿಗೆ ಇದು ಸುಲಭ

ಉಪಕಾರ, ಅಪಕಾರ, ವಿಕಾರ, ಅಧಿಕಾರ: ಮುಂದಿನ ತುಣುಕು ಬದಲಾದಂತೆ ಅರ್ಥ ಬದಲಾಗುವುದನ್ನು ಶಾಲೆಯಲ್ಲೇ ಕಲಿತಿದ್ದೀರಿ. ಲ್ಯಾಟಿನ್‌ನಿಂದ ಬಂದ ಇಂಗ್ಲಿಷ್ ಪದಗಳೂ ಹೀಗೆಯೇ. 'ಡಿಕ್ಟ್' ಎಂದರೆ ಹೇಳು. ಮೊದಲೇ ಹೇಳಿದರೆ ಪ್ರೆಡಿಕ್ಟ್, ಎದುರು ಹೇಳಿದರೆ ಕಾಂಟ್ರಡಿಕ್ಟ್, ನಿಜ ಹೇಳಿದರೆ ವರ್ಡಿಕ್ಟ್, ಕಾನೂನು ಹೇಳುವ ವ್ಯಾಪ್ತಿ ಜೂರಿಸ್‌ಡಿಕ್ಷನ್. ದೋಷಾರೋಪ ಹೊರಿಸುವ ಇಂಡೈಟ್ ಎಂಬ ಪದದ ಕಾಗುಣಿತದಲ್ಲೂ ಈ ಧಾತು ಅಡಗಿದೆ, ಉಚ್ಚಾರದಲ್ಲಿ ಮಾತ್ರ ಕಾಣಿಸಿಕೊಳ್ಳುವುದಿಲ್ಲ. 1949ರಲ್ಲಿ ಬಂದ ನಾರ್ಮನ್ ಲೂಯಿಸ್ ಅವರ 'ವರ್ಡ್ ಪವರ್ ಮೇಡ್ ಈಜಿ' ಇಂಥ ಧಾತುಗಳಿಗೆ ಈಗಲೂ ಒಳ್ಳೆಯ ಪುಸ್ತಕ. ಆದರೆ ಧಾತುವಿನಿಂದ ಮಾಡಿದ ಊಹೆಯನ್ನು ಸಾಲಿಗೆ ಹೊಂದಿಸಿ ನೋಡಿಯೇ ನಂಬಬೇಕು. ಇನ್‌ವ್ಯಾಲ್ಯುಯೇಬಲ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಇನ್‌ಫೇಮಸ್ ವ್ಯಕ್ತಿ ಹೆಸರಿಲ್ಲದವನಲ್ಲ, ಕುಖ್ಯಾತ.

ಕೊನೆಯ ದಿನಗಳು

ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ನವೆಂಬರ್ ಮಧ್ಯದ ನಂತರ ಹೊಸ ಚೀಟಿ ಸೇರಿಸಬೇಡಿ. ಮೊದಲ ಅಂಕಣದಲ್ಲೇ ಹಟ ಹಿಡಿದು ಕೂತವುಗಳನ್ನು ಮಾತ್ರ ತಿದ್ದಿ. ಗಡಿಯಾರ ಇಟ್ಟುಕೊಂಡು ಪೂರ್ಣ ಪತ್ರಿಕೆಗಳನ್ನು ಬಿಡಿಸುವ ಹೊತ್ತು ಅದು.

ಪರೀಕ್ಷಾ ಕೊಠಡಿಯಲ್ಲಿ ಗೊತ್ತಿಲ್ಲದ ಪದ ಬಂದೇ ಬರುತ್ತದೆ. ಗಾಬರಿ ಬೇಡ. ಆ ಸಾಲಿನ ಹಿಂದಿನ ಒಂದು, ಮುಂದಿನ ಒಂದು ಸಾಲು ಓದಿ. ಬಟ್, ಹವೆವರ್, ಡಿಸ್ಪೈಟ್ ಇದ್ದರೆ ಅರ್ಥ ತಿರುವು ಪಡೆದಿದೆ. ದೇರ್‌ಫೋರ್ ಇದ್ದರೆ ಅದೇ ದಿಕ್ಕಿನಲ್ಲಿ ಸಾಗಿದೆ. ಬಳಿಕ ನಾಲ್ಕೂ ಆಯ್ಕೆಗಳನ್ನು ಒಂದೊಂದಾಗಿ ಆ ಜಾಗದಲ್ಲಿಟ್ಟು ಓದಿ. ತಪ್ಪು ಉತ್ತರಕ್ಕೆ 0.25 ಅಂಕ ಕಳೆಯುತ್ತಾರೆ, ಸರಿಯುತ್ತರಕ್ಕೆ 1 ಅಂಕ. ಎರಡು ಆಯ್ಕೆಗಳನ್ನು ಧೈರ್ಯವಾಗಿ ತಳ್ಳಿಹಾಕಲು ಸಾಧ್ಯವಾದರೆ ಉಳಿದೆರಡರಲ್ಲಿ ಒಂದನ್ನು ಗುರುತಿಸಿ, ಲೆಕ್ಕ ನಿಮ್ಮ ಪರವಾಗಿದೆ. ಒಂದನ್ನೂ ತಳ್ಳಲಾಗದಿದ್ದರೆ ಅಲ್ಲಿ ಕೂರದೆ ಮುಂದಿನ ಪ್ರಶ್ನೆಗೆ ಹೋಗಿ. ಗದ್ಯ ಓದುವ ಹೊತ್ತೂ ಸೇರಿ ಪ್ರತಿ ಪ್ರಶ್ನೆಗೆ ಸಿಗುವುದು ಒಂದೇ ನಿಮಿಷ.